ಮೇಕ್ ಇನ್ ಇಂಡಿಯಾ ಶುರುವಾಗಿ ಹತ್ತು ವರ್ಷ ದಾಟಿತು. ಪೀಣ್ಯದ ಸಣ್ಣ ಶಾಪ್‌ನವರು ಈಗ ಸಾಲ ಮಾಡಿ ವಿಎಂಸಿ ಮಷೀನ್ ಹಾಕಬಹುದಾ?

ಪೀಣ್ಯ ಹುಡುಗ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಅಪ್ಪ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಸೆಕೆಂಡ್ ಸ್ಟೇಜ್‌ನಲ್ಲಿ ಬಾಡಿಗೆ ಶೆಡ್ ಹಿಡಿದು ಮಷೀನ್ ಶಾಪ್ ನಡೆಸುತ್ತಾರೆ. ಮೂರು ಲೇತ್, ಒಂದು ಮಿಲ್ಲಿಂಗ್, ಒಂದು ಹಳೇ ಸಿಎನ್‌ಸಿ (ಕಂಪ್ಯೂಟರ್ ಹೇಳಿದಂತೆ ಲೋಹ ಕಡೆಯುವ ಮಷೀನ್). ಕೆಲಸಕ್ಕೆ ನಾಲ್ಕು ಜನ, ಐದನೆಯವರು ಅಪ್ಪ. ಬುಷ್, ಪಿನ್, ಸ್ಪೇಸರ್, ಇಂಥ ಜಾಬ್ ವರ್ಕ್ ಜಾಸ್ತಿ. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಎರಡು ವರ್ಷದಿಂದ ಅವರ ಜೊತೆಗೇ ಇದ್ದೇನೆ.

2014ರ ಸೆಪ್ಟೆಂಬರ್‌ನಲ್ಲಿ ಮೇಕ್ ಇನ್ ಇಂಡಿಯಾ ಶುರುವಾದಾಗ ನಾನಿನ್ನೂ ಚಿಕ್ಕವನು. ಹಲ್ಲುಚಕ್ರಗಳ ಸಿಂಹದ ಚಿತ್ರ ಬಂತಲ್ವಾ, ಅಪ್ಪ ಅದನ್ನು ಪೇಪರಿನಿಂದ ಕತ್ತರಿಸಿ ಶೆಡ್‌ನ ಮೇನ್ ಸ್ವಿಚ್ ಪಕ್ಕ ಅಂಟಿಸಿದ್ದರು. ಈಗಲೂ ಅಲ್ಲೇ ಇದೆ. ಮಷೀನ್ ತಣಿಸುವ ಕೂಲೆಂಟ್ ಸಿಡಿದೂ ಸಿಡಿದೂ ಹಳದಿಯಾಗಿದೆ. ಅದೇ ವರ್ಷ ಕೆಂಪುಕೋಟೆಯ ಭಾಷಣದಲ್ಲಿ ಪ್ರಧಾನಿ ಹೇಳಿದ "ಝೀರೋ ಡಿಫೆಕ್ಟ್", ಅಂದರೆ ಒಂದೂ ದೋಷ ಇರಬಾರದು, ಅನ್ನೋ ಮಾತು ಅಪ್ಪನಿಗೆ ತುಂಬಾ ಹಿಡಿಸಿತ್ತು. ರಿಜೆಕ್ಷನ್ ಬಂದ ದಿನ ಹುಡುಗರನ್ನು ಕೂರಿಸಿಕೊಂಡು ಈಗಲೂ ಅದನ್ನೇ ಹೇಳುತ್ತಾರೆ.

ಈಗ ವಿಷಯಕ್ಕೆ ಬರುತ್ತೇನೆ. ಒಬ್ಬ ಕಸ್ಟಮರ್ ತಿಂಗಳಿಗೆ 2000 ಅಲ್ಯೂಮಿನಿಯಂ ಬ್ರಾಕೆಟ್ ಬೇಕು ಅಂತಿದ್ದಾರೆ. ನಮ್ಮ ಮಿಲ್ಲಿಂಗ್‌ನಲ್ಲಿ ಆಗುವ ಕೆಲಸ ಅಲ್ಲ, ವಿಎಂಸಿ ಬೇಕು, ಅಂದರೆ ಕಂಪ್ಯೂಟರ್ ನಡೆಸುವ ಮಿಲ್ಲಿಂಗ್ ಮಷೀನ್. ಕೊಟೇಶನ್ ತರಿಸಿದೆ, ಎಲ್ಲಾ ಸೇರಿ 28 ಲಕ್ಷ. ಇನ್ನೊಂದು ಕಡೆ, ಬೇರೆ ಒಂದು ದೊಡ್ಡ ಕಂಪನಿಯಿಂದ ನಮಗೆ 7 ಲಕ್ಷ ಬರಬೇಕು, 110 ದಿನ ಆಗಿದೆ. ಆ ಬಿಲ್ಲುಗಳ ಜಿಎಸ್‌ಟಿಯನ್ನು ನಾವು ಮರುತಿಂಗಳ 20ನೇ ತಾರೀಕಿನೊಳಗೆ ಕೈಯಿಂದ ಕಟ್ಟಿಬಿಟ್ಟಿದ್ದೇವೆ. ಕಳೆದ ತಿಂಗಳು ಸಂಬಳ ಕೊಡೋಕೆ ಅಮ್ಮನ ಬಳೆ ಅಡ ಇಟ್ಟೆವು.

ಜೊತೆಗೆ ಓದಿದ ಗೆಳೆಯರು ಮೊಬೈಲ್ ಫ್ಯಾಕ್ಟರಿ ಸೇರಿಕೋ, ತಿಂಗಳಿಗೆ ಸರಿಯಾಗಿ ಸಂಬಳ ಬರುತ್ತೆ ಅಂತಾರೆ. ನನಗೆ ಈ ಕೆಲಸ ಇಷ್ಟ. ನನ್ನ ಪ್ರಶ್ನೆ ಇಷ್ಟೇ: ಮೇಕ್ ಇನ್ ಇಂಡಿಯಾದಿಂದ ನಮ್ಮಂಥ ಐದು ಜನರ ಶಾಪ್‌ಗೆ ನಿಜವಾಗಿ ಏನಾದರೂ ಬಂದಿದೆಯಾ? ಮುಂದೆಯಾದರೂ ಬರುತ್ತಾ? ಅದನ್ನು ನಂಬಿ 28 ಲಕ್ಷ ಸಾಲ ಮಾಡಬಹುದಾ?

ಹಳೇ ಸೆಟ್ಟರ್

ತಮ್ಮಾ, ನಾನೂ ಪೀಣ್ಯದವನೇ. ಆಪರೇಟರ್ ಆಗಿ ಸೇರಿ, ಮಷೀನಿಗೆ ಟೂಲ್ ಹೊಂದಿಸಿಕೊಡುವ ಸೆಟ್ಟರ್ ಆಗಿ, ಈಗ ಸ್ವಂತಕ್ಕೆ ಎರಡು ವಿಎಂಸಿ ಇಟ್ಟುಕೊಂಡಿದ್ದೇನೆ. ಮೊದಲು ಲೆಕ್ಕ ಹೇಳುತ್ತೇನೆ, ಯೋಜನೆ ಮಾತು ಆಮೇಲೆ.

28 ಲಕ್ಷಕ್ಕೆ 11 ಪರ್ಸೆಂಟ್ ಬಡ್ಡಿ, ಐದು ವರ್ಷ ಅಂದುಕೋ. ತಿಂಗಳ ಕಂತು ಸುಮಾರು 61,000. ಬ್ರಾಕೆಟ್ ಒಂದಕ್ಕೆ ಆರು ನಿಮಿಷ ಹಿಡಿದರೆ 2000 ಪೀಸ್‌ಗೆ 200 ಗಂಟೆ. ಅಂದರೆ ಎಂಟು ಗಂಟೆಯ ಒಂದು ಶಿಫ್ಟ್, 25 ದಿನ ಪೂರ್ತಿ. ಗಂಟೆಗೆ 450 ಸಿಕ್ಕಿತು ಅಂತಲೇ ಇಟ್ಟುಕೊಳ್ಳೋಣ, 90,000 ಆಯಿತು. ಕಂತು ಕಳೆದರೆ ಉಳಿಯೋದು 29,000. ಅದರಲ್ಲಿ ಆಪರೇಟರ್ ಸಂಬಳ, ಕರೆಂಟು, ಎಂಡ್‌ಮಿಲ್ ಅನ್ನೋ ಕಟಿಂಗ್ ಟೂಲ್, ಕೂಲೆಂಟ್, ಬಾಡಿಗೆ. ಆಗಲ್ಲ. ಎರಡನೇ ಶಿಫ್ಟಿಗೆ ಕೆಲಸ ಇದ್ದರೆ ಮಾತ್ರ ಮಷೀನು ನಿನ್ನ ಕೈ ಹಿಡಿಯುತ್ತೆ. ಇದೂ ಬಿಲ್ಲು ಸರಿಯಾದ ಟೈಮಿಗೆ ಪಾಸ್ ಆದರೆ. 110 ದಿನಕ್ಕೆ ದುಡ್ಡು ಬರುತ್ತೆ ಅಂದರೆ ಮೊದಲ ಮೂರೂವರೆ ತಿಂಗಳ ಕಂತನ್ನೇ ನೀನು ಬೇರೆ ಕಡೆಯಿಂದ ತರಬೇಕು.

ಅದಕ್ಕೇ ಹೇಳುತ್ತೇನೆ, ಮೊದಲ ಆರು ತಿಂಗಳು ಆ ಬ್ರಾಕೆಟ್ ಹೊರಗೆ ಮಾಡಿಸು. ಪಕ್ಕದ ಬೀದಿಯಲ್ಲೇ ಖಾಲಿ ನಿಂತಿರುವ ವಿಎಂಸಿಗಳಿವೆ, ಗಂಟೆ ಲೆಕ್ಕಕ್ಕೆ ಕೊಡುತ್ತಾರೆ. ಪೀಸ್ ಹಿಡಿದಿಡುವ ಫಿಕ್ಸ್ಚರ್ ಮಾತ್ರ ನೀನೇ ಮಾಡಿಟ್ಟುಕೋ, ಅದು ನಿನ್ನ ಕೈಯಲ್ಲೇ ಇರಲಿ. ಲಾಭ ಕಡಿಮೆ ಸಿಗುತ್ತೆ, ಹೌದು. ಆದರೆ ಕಸ್ಟಮರ್ ತಿಂಗಳಿಗೆ 2000 ಅಂದಿದ್ದು ನಿಜವಾಗಿ 2000ವಾ ಇಲ್ಲ 600ಆ ಅನ್ನೋದು ಆ ಆರು ತಿಂಗಳಲ್ಲಿ ಗೊತ್ತಾಗಿಬಿಡುತ್ತೆ.

ಈಗ ಯೋಜನೆ ಮಾತು. ಪೀಣ್ಯ ಬೆಳೆದಿದ್ದು ಹೇಗೆ ಅಂತ ನಿಮ್ಮಪ್ಪನನ್ನು ಕೇಳು. ಎಚ್‌ಎಂಟಿ 1953ರಲ್ಲಿ, ಬಿಇಎಲ್ 1954ರಲ್ಲಿ, ಎಚ್‌ಎಎಲ್ ಅದಕ್ಕೂ ಮುಂಚೆ 1940ರಲ್ಲೇ ಬಂತು. ಅಲ್ಲಿ ಕೆಲಸ ಕಲಿತವರು ಹೊರಗೆ ಬಂದು ಒಂದೊಂದು ಲೇತ್ ಹಾಕಿಕೊಂಡರು, ಅದೇ ಫ್ಯಾಕ್ಟರಿಗಳಿಂದ ಆರ್ಡರ್ ತಂದರು. ದೊಡ್ಡದೊಂದು ಬಂದರೆ ಅದರ ಸುತ್ತ ನೂರು ಚಿಕ್ಕವು ಹುಟ್ಟುತ್ತವೆ ಅನ್ನೋದನ್ನು ನಾವು ಕಣ್ಣಾರೆ ನೋಡಿದವರು. ಈಗ ಬಂದ ದೊಡ್ಡ ಮೊಬೈಲ್ ಫ್ಯಾಕ್ಟರಿಗಳ ಸುತ್ತ ಹಾಗೆ ಹುಟ್ಟಿದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಇದೇ ನನಗೆ ನೋವು.

ನೀನು ಕೊಟೇಶನ್ ತರಿಸಿದ ಮಷೀನೇ ನೋಡು. ಬಹುಶಃ ಬೆಂಗಳೂರಲ್ಲೇ ತಯಾರಾಗಿರುತ್ತೆ, ನಮ್ಮವರು ಒಳ್ಳೆ ಮಷೀನ್ ಮಾಡುತ್ತಾರೆ. ಬಾಗಿಲು ತೆಗೆದು ಒಳಗೆ ನೋಡಿದರೆ ಕಂಟ್ರೋಲರ್ ಜಪಾನಿನದೋ ಜರ್ಮನಿಯದೋ. ಬಾಲ್ ಸ್ಕ್ರೂ, ಲೀನಿಯರ್ ಗೈಡ್ ಕೂಡ ಜಾಸ್ತಿ ಹೊರಗಿನವೇ. ಎರಕ ನಮ್ಮದು, ಜೋಡಣೆ ನಮ್ಮದು, ಮಿದುಳು ನಮ್ಮದಲ್ಲ.

ಅಂಕಿಅಂಶ

ಹಳೇ ಸೆಟ್ಟರ್ ಅವರ ಲೆಕ್ಕಕ್ಕೆ ನನ್ನ ಕಡೆಯಿಂದ ದೇಶದ ಲೆಕ್ಕ ಸೇರಿಸುತ್ತೇನೆ. ನಾನು ಅರ್ಥಶಾಸ್ತ್ರ ಪಾಠ ಮಾಡುವವನು, ಮಷೀನ್ ಬಗ್ಗೆ ಏನೂ ಗೊತ್ತಿಲ್ಲ.

ಗುರಿ ಏನಿತ್ತು ಅಂದರೆ, ದೇಶದ ಒಟ್ಟು ಉತ್ಪಾದನೆಯಲ್ಲಿ ಕಾರ್ಖಾನೆಗಳ ಪಾಲು 2022ರ ಹೊತ್ತಿಗೆ ಶೇಕಡ 25 ಆಗಬೇಕು, 10 ಕೋಟಿ ಹೊಸ ಕೆಲಸ ಹುಟ್ಟಬೇಕು. ಈ ಎರಡೂ ಅಂಕಿ ಹೊಸವಲ್ಲ, 2011ರ ರಾಷ್ಟ್ರೀಯ ಉತ್ಪಾದನಾ ನೀತಿಯಲ್ಲೇ ಇದ್ದವು. 2014ರಲ್ಲಿ ಅದಕ್ಕೆ 25 ವಲಯಗಳ ಪಟ್ಟಿ, ಸಿಂಹ, ಜೋರು ಪ್ರಚಾರ ಸೇರಿತು. ಪಾಲು ಆಗ 16-17ರ ಆಸುಪಾಸು ಇತ್ತು, ಈಗಲೂ ಅಲ್ಲೇ ಇದೆ. ಲೆಕ್ಕ ಹಾಕುವ ರೀತಿ ಬದಲಾದರೆ ಇನ್ನೂ ಕಡಿಮೆ ತೋರಿಸುತ್ತೆ. ಒಂದು ಮಾತು ನೆನಪಿಡಿ, ಉಳಿದ ವಲಯಗಳೂ ಬೆಳೆಯುತ್ತಿವೆ. ಹಾಗಾಗಿ ಪಾಲು ಏರಲಿಲ್ಲ ಅಂದ ಮಾತ್ರಕ್ಕೆ ಕಾರ್ಖಾನೆಗಳು ಬೆಳೆದೇ ಇಲ್ಲ ಅಂತಲ್ಲ. ಆದರೂ ಗುರಿ ತಪ್ಪಿದೆ, ಅದನ್ನು ಮುಚ್ಚಿಡಬೇಕಿಲ್ಲ.

ವಿದೇಶಿ ಬಂಡವಾಳ ಬಂತು, ಅದು ಸುಳ್ಳಲ್ಲ. 2014-15ರಲ್ಲಿ ಸುಮಾರು 45 ಬಿಲಿಯನ್ ಡಾಲರ್ ಇದ್ದದ್ದು 2021-22ರಲ್ಲಿ ಸುಮಾರು 85 ಬಿಲಿಯನ್ ಆಯಿತು. ಆದರೆ ಅದರಲ್ಲಿ ದೊಡ್ಡ ಭಾಗ ಹೋಗಿದ್ದು ಸೇವೆ, ಸಾಫ್ಟ್‌ವೇರ್, ವ್ಯಾಪಾರದಂಥ ಕಡೆಗೆ. ಬಂಡವಾಳ ಬಂತು ಅಂದರೆ ಲೇತ್ ತಿರುಗಿತು ಅಂತ ಅರ್ಥವಲ್ಲ. ವಿಶ್ವಬ್ಯಾಂಕಿನ ಸುಲಭ ವ್ಯವಹಾರದ ಪಟ್ಟಿಯಲ್ಲಿ ನಾವು 142ರಿಂದ 63ಕ್ಕೆ ಏರಿದೆವು, ಅದನ್ನು ತುಂಬಾ ಕೊಂಡಾಡಿದರು. ಆ ಪಟ್ಟಿಗೆ ನಮ್ಮ ದೇಶದಿಂದ ನೋಡುತ್ತಿದ್ದದ್ದು ದೆಹಲಿ, ಮುಂಬೈ ಎರಡೇ ಊರು. ಕೆಲವು ದೇಶಗಳ ಅಂಕಿಗಳಲ್ಲಿ ಗೋಲ್ಮಾಲ್ ಆಗಿದೆ ಅಂತ ಗೊತ್ತಾಗಿ 2021ರಲ್ಲಿ ಆ ಪಟ್ಟಿಯನ್ನೇ ನಿಲ್ಲಿಸಿಬಿಟ್ಟರು.

ನಿಜವಾಗಿ ಗೆದ್ದಿದ್ದು ಮೊಬೈಲ್. 2014ರಲ್ಲಿ ಹೆಚ್ಚಿನ ಫೋನುಗಳು ಹೊರಗಿನಿಂದ ಬರುತ್ತಿದ್ದವು. ಈಗ ಇಲ್ಲಿ ಮಾರುವ ಫೋನುಗಳು ಹೆಚ್ಚುಕಡಿಮೆ ಎಲ್ಲವೂ ಇಲ್ಲೇ ಜೋಡಣೆಯಾಗುತ್ತವೆ, ರಫ್ತೂ ಜೋರಾಗಿದೆ. ಐಫೋನ್ ಜೋಡಣೆ ನಮ್ಮ ಬೆಂಗಳೂರಿನಲ್ಲೇ 2017ರಲ್ಲಿ ಶುರುವಾಯಿತು, ಆಮೇಲೆ ಕೋಲಾರದ ನರಸಾಪುರಕ್ಕೂ ಬಂತು. 2020ರಲ್ಲಿ ಬಂದ ಪಿಎಲ್‌ಐ, ಅಂದರೆ ಉತ್ಪಾದನೆಗೆ ತಕ್ಕ ಪ್ರೋತ್ಸಾಹಧನ, ಇದಕ್ಕೆ ದೊಡ್ಡ ಒತ್ತು ಕೊಟ್ಟಿತು. ಹಿಂದಿಗಿಂತ ಎಷ್ಟು ಜಾಸ್ತಿ ಮಾರಿದೆಯೋ ಆ ಜಾಸ್ತಿ ಭಾಗಕ್ಕೆ ಶೇಕಡ 4ರಿಂದ 6ರಷ್ಟು ಹಣ ಸರ್ಕಾರದಿಂದ. ಒಟ್ಟು 14 ವಲಯಗಳಿಗೆ 1.97 ಲಕ್ಷ ಕೋಟಿ ಇಟ್ಟರು. ಆದರೆ ಒಳಗೆ ಹೋಗುವ ಬಾಗಿಲು ಎತ್ತರದಲ್ಲಿದೆ, ನೂರಾರು ಕೋಟಿ ಹೂಡುವವರಿಗೆ ಅದು. ಐದು ಜನರ ಶಾಪ್ ಅದರ ಹೊಸ್ತಿಲನ್ನೂ ಮುಟ್ಟೋಕಾಗಲ್ಲ. ದೊಡ್ಡವರು ಇಲ್ಲಿನ ಚಿಕ್ಕವರಿಂದ ಬಿಡಿಭಾಗ ಕೊಂಡರೆ ಮಾತ್ರ ಆ ಹಣದ ಹನಿ ಕೆಳಗೆ ಬೀಳುತ್ತೆ. 2025ರ ಮಾರ್ಚ್‌ನಲ್ಲಿ ಎಲೆಕ್ಟ್ರಾನಿಕ್ ಬಿಡಿಭಾಗಗಳಿಗೆ ಅಂತಲೇ 22,919 ಕೋಟಿಯ ಬೇರೆ ಯೋಜನೆ ಒಪ್ಪಿದರು. ಇದು ತಡವಾದರೂ ಸರಿಯಾದ ದಿಕ್ಕು ಅಂತ ನನಗನ್ನಿಸುತ್ತೆ.

ಮೂರನೇ ಲೈನ್

ಈ ತಮ್ಮ ಮೊಬೈಲ್ ಫ್ಯಾಕ್ಟರಿ ಮಾತು ಎತ್ತಿದ್ದಕ್ಕೆ ಬರೆಯುತ್ತಿದ್ದೇನೆ. ನಾನು ಅಂಥ ಒಂದು ಫ್ಯಾಕ್ಟರಿಯಲ್ಲಿ ಮೂರು ವರ್ಷ ಕೆಲಸ ಮಾಡಿದೆ, ಹೆಸರು ಬೇಡ.

ಒಳ್ಳೆಯದನ್ನು ಮೊದಲು ಹೇಳುತ್ತೇನೆ. ನಮ್ಮೂರಿನಿಂದ ಪಿಯುಸಿ ಮುಗಿಸಿದ ಹನ್ನೊಂದು ಜನ ಹುಡುಗಿಯರು ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದೆವು. ಅದಕ್ಕೆ ಮುಂಚೆ ನಮ್ಮಲ್ಲಿ ಹುಡುಗಿ ಓದಿದ ಮೇಲೆ ಮದುವೆ ಒಂದೇ. ನನ್ನ ಖಾತೆಗೆ ನನ್ನ ಹೆಸರಲ್ಲಿ ಸಂಬಳ ಬಿದ್ದ ದಿನ ಅಮ್ಮ ಮೊಬೈಲಿನ ಆ ಮೆಸೇಜನ್ನು ಓದಲು ಬರದಿದ್ದರೂ ಎರಡು ಸಲ ಕೇಳಿ ನೋಡಿದಳು. ಪಿಎಫ್ ಇತ್ತು, ಇಎಸ್‌ಐ ಇತ್ತು. ತಂಗಿ ನರ್ಸಿಂಗ್ ಓದಿದ್ದು ಆ ದುಡ್ಡಲ್ಲೇ. ಯಾರಾದರೂ ಇದೆಲ್ಲಾ ಸುಮ್ನೆ ಪ್ರಚಾರ ಅಂದರೆ ನನಗೆ ಬೇಜಾರಾಗುತ್ತೆ.

ಈಗ ಇನ್ನೊಂದು ಮುಖ. ನಾವೆಲ್ಲ ಏಜೆನ್ಸಿ ಮೂಲಕ ಕಾಂಟ್ರ್ಯಾಕ್ಟ್. ಟೋಪಿ, ಕೋಟು, ಕೈಗೆ ಸ್ಟ್ಯಾಟಿಕ್ ಪಟ್ಟಿ ಕಟ್ಟಿಕೊಂಡು ನಿಂತರೆ ನನ್ನ ಮುಂದೆ ಬರುವ ಪ್ರತಿ ಫೋನಿಗೆ ನಾಲ್ಕು ಸ್ಕ್ರೂ. ಎತ್ತು, ಕೂರಿಸು, ಬಿಗಿ ಮಾಡು, ಮುಂದೆ ತಳ್ಳು. ಮೂರು ವರ್ಷ ಅದೇ ನಾಲ್ಕು ಸ್ಕ್ರೂ. ಟ್ರೇ ಖಾಲಿಯಾದರೆ ಹೊಸ ಡಬ್ಬಿ ಬರುತ್ತಿತ್ತು, ಅದರ ಮೇಲಿನ ಚೀಟಿಯಲ್ಲಿ ಒಂದು ಸಲವೂ ನಮ್ಮ ದೇಶದ ಹೆಸರು ನೋಡಿದ ನೆನಪಿಲ್ಲ. ಸ್ಕ್ರೂ ಕೂಡ ಹೊರಗಿನದು! ಆರ್ಡರ್ ಕಡಿಮೆಯಾದ ತಿಂಗಳು ನಾಳೆಯಿಂದ ಬರಬೇಡಿ ಅಂದರು, ಅಷ್ಟೇ. ಹೊರಗೆ ಬಂದು ನೋಡಿದರೆ ಬೇರೆ ಕಡೆ ಕೇಳುವ ಯಾವ ಕೆಲಸವೂ ನನಗೆ ಬರುತ್ತಿರಲಿಲ್ಲ. ನಾಲ್ಕು ಸ್ಕ್ರೂ ಬಿಟ್ಟು.

ನಿನಗೆ ಡ್ರಾಯಿಂಗ್ ಓದೋಕೆ ಬರುತ್ತೆ, ಮೈಕ್ರೋಮೀಟರ್ ಹಿಡಿಯೋಕೆ ಬರುತ್ತೆ. ಅದನ್ನು ಬಿಟ್ಟು ನಾನು ನಿಂತಿದ್ದ ಜಾಗಕ್ಕೆ ಬರಬೇಡ ತಮ್ಮಾ. ಬರುವುದಾದರೆ ಮೆಂಟೆನೆನ್ಸ್‌ಗೋ ಟೂಲಿಂಗ್‌ಗೋ ಬಾ, ಲೈನಿಗೆ ಬೇಡ.

ಖರೀದಿ ವಿಭಾಗ

ಮೇಲೆ ಬರೆದ ಅಕ್ಕನ ಸ್ಕ್ರೂ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಯಾಕೆಂದರೆ ನಾನು ಮೇಜಿನ ಈ ಕಡೆ ಕೂರುವವನು. ಒಂದು ದೊಡ್ಡ ಕಂಪನಿಯಲ್ಲಿ ಹದಿನೈದು ವರ್ಷದಿಂದ ಪರ್ಚೇಸ್ ನೋಡುತ್ತೇನೆ.

ಸ್ಕ್ರೂ ಯಾಕೆ ಹೊರಗಿನಿಂದ ಬರುತ್ತೆ ಗೊತ್ತಾ? ಬೆಲೆ ಒಂದೇ ಕಾರಣ ಅಲ್ಲ. ಒಂದು ಸಲ ಒಬ್ಬ ಚಿಕ್ಕ ಸಪ್ಲೈಯರ್ ಕಡೆಯಿಂದ ಸ್ಯಾಂಪಲ್ ಬಂತು, ಐದು ಪೀಸ್, ಕನ್ನಡಿ ತರಹ. ಖುಷಿಯಾಯಿತು. ಆಮೇಲೆ 500 ಬಂತು, ಅದರಲ್ಲಿ 40 ಪೀಸಿನ ಬೋರ್, ಅಂದರೆ ಒಳತೂತು, 30 ಮೈಕ್ರಾನ್ ದೊಡ್ಡದು. ಹೋಗಿ ನೋಡಿದರೆ ಕೆಲಸದಲ್ಲಿ ತಪ್ಪಿಲ್ಲ. ಲೋಹ ಕತ್ತರಿಸುವ ಇನ್ಸರ್ಟ್ ಸವೆದಾಗ ಬದಲಾಯಿಸಿಲ್ಲ, ಬೋರ್ ಗೇಜನ್ನು ಎರಡು ವರ್ಷದಿಂದ ಕ್ಯಾಲಿಬ್ರೇಷನ್‌ಗೆ (ಅಳತೆ ಸರಿ ಇದೆಯಾ ಅನ್ನೋ ಪರೀಕ್ಷೆಗೆ) ಕಳಿಸಿಲ್ಲ. ಕೇಳಿದರೆ ದುಡ್ಡಿಲ್ಲ ಸರ್ ಅಂದರು. ದುಡ್ಡು ಯಾಕಿಲ್ಲ? ಬೇರೊಬ್ಬ ಕಸ್ಟಮರ್ ನಾಲ್ಕು ತಿಂಗಳಿಂದ ಬಿಲ್ಲು ಕೊಟ್ಟಿಲ್ಲ. ಝೀರೋ ಡಿಫೆಕ್ಟ್ ಅಂತ ನಾವು ಕೇಳುತ್ತೇವೆ, ಅದಕ್ಕೆ ಬೇಕಾದ ಹಣವನ್ನು ನಮ್ಮಂಥ ದೊಡ್ಡ ಕಂಪನಿಗಳೇ ಹಿಡಿದಿಟ್ಟುಕೊಂಡಿರುತ್ತೇವೆ. ಹೊರದೇಶದವನಿಗಾದರೆ ಎಲ್‌ಸಿ (ಬ್ಯಾಂಕಿನ ಹಣದ ಖಾತ್ರಿ ಪತ್ರ) ತೆರೆದು ಟೈಮಿಗೆ ಸರಿಯಾಗಿ ಕೊಡುತ್ತೇವೆ, ಪೀಣ್ಯದವನನ್ನು ಮುಂದಿನ ವಾರ ಬನ್ನಿ ಅಂತೀವಿ. ಈ ಒಂದು ಅಭ್ಯಾಸ ಬಿಡುವವರೆಗೆ ಯಾವ ಯೋಜನೆ ಬಂದರೂ ಚಿಕ್ಕ ಶಾಪ್ ಬೆಳೆಯಲ್ಲ. ಮೀಟಿಂಗ್‌ಗಳಲ್ಲೂ ನಾನು ಇದನ್ನು ಹೇಳಿದ್ದೇನೆ.

ಈಗ ನಿಮಗೆ ಕೆಲಸಕ್ಕೆ ಬರುವ ಮಾತು. ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಇದೆಯಾ? ಇಲ್ಲದಿದ್ದರೆ ಇವತ್ತೇ ಮಾಡಿಸಿ. ಆಧಾರ್, ಪ್ಯಾನ್, ಜಿಎಸ್‌ಟಿ ನಂಬರ್ ಇದ್ದರೆ ಸಾಕು, ಒಂದು ಪೈಸೆ ಖರ್ಚಿಲ್ಲ. ಆ ನಂಬರನ್ನು ಪ್ರತಿ ಇನ್‌ವಾಯ್ಸ್ ಮೇಲೂ ಹಾಕಿ. 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ, ಮಧ್ಯಮ ಉದ್ಯಮ) ಕಾಯ್ದೆ ಪ್ರಕಾರ ಮಾಲು ಒಪ್ಪಿಕೊಂಡ ಮೇಲೆ ಕರಾರು ಇದ್ದರೆ ಹೆಚ್ಚೆಂದರೆ 45 ದಿನ, ಕರಾರು ಇಲ್ಲದಿದ್ದರೆ 15 ದಿನದಲ್ಲಿ ಹಣ ಕೊಡಬೇಕು. ತಡವಾದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಇಷ್ಟು ವರ್ಷ ಇದಕ್ಕೆ ಯಾರೂ ಹೆದರುತ್ತಿರಲಿಲ್ಲ. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯ 43ಬಿ ಸೆಕ್ಷನ್ನಿನಲ್ಲಿ ಹೊಸ ನಿಯಮ ಬಂತು. ಚಿಕ್ಕ ತಯಾರಕರಿಗೆ ಆ ಗಡುವಿನೊಳಗೆ ಕೊಡದೆ ಬಾಕಿ ಉಳಿಸಿಕೊಂಡರೆ, ಹಣ ಕೊಡುವವರೆಗೆ ಆ ಖರ್ಚನ್ನು ಕಂಪನಿ ತೆರಿಗೆ ಲೆಕ್ಕದಲ್ಲಿ ತೋರಿಸೋಕಾಗಲ್ಲ. ನಮ್ಮ ಅಕೌಂಟ್ಸ್‌ನವರು ಈಗ ಮಾರ್ಚ್ ಬಂದರೆ ಉದ್ಯಮ್ ನಂಬರ್ ಇರುವ ಬಿಲ್ಲುಗಳನ್ನು ಹುಡುಕಿ ಹುಡುಕಿ ಪಾಸ್ ಮಾಡುತ್ತಾರೆ. ನಂಬರ್ ಇಲ್ಲದ ಬಿಲ್ಲು ಅಡಿಯಲ್ಲೇ ಉಳಿಯುತ್ತೆ.

ಸರ್ಕಾರಿ ಕಂಪನಿಗಳ ಕಡೆಯೂ ನೋಡಿ. ಕೇಂದ್ರದ ಕಂಪನಿಗಳು ವರ್ಷದ ಖರೀದಿಯಲ್ಲಿ ಶೇಕಡ 25ನ್ನು ಸಣ್ಣ, ಅತಿಸಣ್ಣ ಘಟಕಗಳಿಂದಲೇ ಕೊಳ್ಳಬೇಕು ಅಂತ ನಿಯಮ ಇದೆ, ಟೆಂಡರ್‌ಗೆ ಇಎಂಡಿ (ಮುಂಗಡ ಠೇವಣಿ) ಕಟ್ಟಬೇಕಿಲ್ಲ. ರಕ್ಷಣಾ ಇಲಾಖೆಯ ಸೃಜನ್ ಪೋರ್ಟಲ್‌ನಲ್ಲಿ ಹೊರಗಿನಿಂದ ತರಿಸುತ್ತಿರುವ, ಇಲ್ಲೇ ಮಾಡಬಹುದಾದ ಭಾಗಗಳ ಪಟ್ಟಿ ಇರುತ್ತೆ. ಎಚ್‌ಎಎಲ್‌ನ ತುಮಕೂರು ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಆ ಕೆಲಸ ಹಿಡಿಯೋಕೆ ಪೇಪರ್ ಜಾಸ್ತಿ, ಕಾಯಬೇಕು. ಆದರೆ ಒಮ್ಮೆ ಒಳಗೆ ಹೋದರೆ ವರ್ಷಗಟ್ಟಲೆ ಆರ್ಡರ್ ಇರುತ್ತೆ.

ಪೀಣ್ಯ ಹುಡುಗ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಕ್ಕ, ನಿಮ್ಮದನ್ನು ಅಮ್ಮನಿಗೆ ಓದಿ ಹೇಳಿದೆ.

ಖರೀದಿ ಸರ್, ಒಂದು ಡೌಟು. ಉದ್ಯಮ್ ಇದೆ, 2021ರಲ್ಲೇ ಮಾಡಿಸಿದ್ದರು. ಸರ್ಟಿಫಿಕೇಟ್ ಫೈಲಿನಲ್ಲಿದೆ, ಬಿಲ್ ಮೇಲೆ ಮಾತ್ರ ಒಂದು ದಿನವೂ ಹಾಕಿಲ್ಲ. ಈಗ 110 ದಿನದ ಬಾಕಿಗೆ ಸಣ್ಣ ಉದ್ಯಮಗಳ ಬಾಕಿಗೆ ಅಂತ ಇರುವ ಸರ್ಕಾರಿ ಪೋರ್ಟಲ್‌ನಲ್ಲಿ ದೂರು ಕೊಡಬಹುದು ಅಂತ ಓದಿದೆ. ಅಪ್ಪ ಬೇಡವೇ ಬೇಡ ಅಂತಾರೆ. ದೂರು ಕೊಟ್ಟರೆ ದುಡ್ಡು ಬರಬಹುದು, ಆರ್ಡರ್ ನಿಂತುಹೋಗುತ್ತೆ ಅನ್ನೋದು ಅವರ ಭಯ.

ಖರೀದಿ ವಿಭಾಗ

ಅಪ್ಪನ ಭಯ ಸರಿಯಾದದ್ದೇ, ಅದನ್ನು ತಳ್ಳಿಹಾಕಬೇಡಿ. ದೂರು ಕೊಟ್ಟ ಸಪ್ಲೈಯರ್‌ಗೆ ಮುಂದಿನ ಆರ್ಡರ್ ಕೊಡದೆ ಹೋದದ್ದನ್ನು ನಾನು ನೋಡಿದ್ದೇನೆ. ದೂರು ಕೊನೆಗಿರಲಿ. ಮೊದಲು ಉದ್ಯಮ್ ಸರ್ಟಿಫಿಕೇಟ್ ಜೊತೆ ಒಂದು ಸಾಧಾರಣ ಮೇಲ್ ಹಾಕಿ, ಪರ್ಚೇಸ್‌ಗಲ್ಲ, ಅಕೌಂಟ್ಸ್ ಮುಖ್ಯಸ್ಥರಿಗೆ. ನಾವು ಅತಿಸಣ್ಣ ತಯಾರಕರು, ಈ ಬಿಲ್ಲುಗಳು ಇಷ್ಟು ದಿನದಿಂದ ಬಾಕಿ, ನಿಮ್ಮ ತೆರಿಗೆ ಲೆಕ್ಕಕ್ಕೆ ಬೇಕಾಗಬಹುದು ಅಂತ ಕಳಿಸಿದ್ದೇವೆ ಅಂತ ಮರ್ಯಾದೆಯಾಗಿ ಬರೆಯಿರಿ. ಜಗಳ ಬೇಡ. ಆ ಕಂಪನಿಯ ವಹಿವಾಟು 250 ಕೋಟಿ ದಾಟಿದ್ದರೆ ಅವರು ಟ್ರೆಡ್ಸ್ ಅನ್ನೋ, ಬಿಲ್ ಮೇಲೆ ಹಣ ಸಿಗುವ ಆನ್‌ಲೈನ್ ವೇದಿಕೆಯಲ್ಲಿ ನೋಂದಣಿ ಮಾಡಿಸಿರಲೇಬೇಕು. ಅಲ್ಲಿ ಅವರು ನಿಮ್ಮ ಬಿಲ್ಲನ್ನು ಒಪ್ಪಿಕೊಂಡರೆ ಬ್ಯಾಂಕು ಸ್ವಲ್ಪ ಬಡ್ಡಿ ಮುರಿದುಕೊಂಡು ಕೂಡಲೇ ಹಣ ಹಾಕುತ್ತೆ. ಅವರು ದುಡ್ಡು ಕೊಡದೆ ಹೋದರೂ ಬ್ಯಾಂಕು ನಿಮ್ಮ ಹತ್ತಿರ ವಾಪಸ್ ಕೇಳಲ್ಲ.

ಹಳೇ ಸೆಟ್ಟರ್

ಇನ್ನೊಂದು. ಮುಂದೆ ಸಾಲ ಮಾಡಲೇಬೇಕು ಅಂತಾದರೆ ಮನೆ ಪತ್ರ ಇಡಬೇಡ. ಸಿಜಿಟಿಎಂಎಸ್‌ಇ ಅನ್ನೋ ಸರ್ಕಾರಿ ಟ್ರಸ್ಟಿನ ಗ್ಯಾರಂಟಿಯಲ್ಲಿ ಅಡಮಾನ ಇಲ್ಲದೆ ಕೊಡುತ್ತಾರೆ. ಮ್ಯಾನೇಜರ್ ಮೊದಲು ಪತ್ರವನ್ನೇ ಕೇಳುತ್ತಾರೆ, ನೀನು ಸ್ಕೀಮ್ ಹೆಸರು ಹೇಳಿ ಕೇಳಬೇಕು.

ಪೀಣ್ಯ ಹುಡುಗ

ಮೇಲ್ ಹಾಕಿ ಎಂಟು ದಿನ ಆಯಿತು. ನಿನ್ನೆ ಅವರ ಅಕೌಂಟ್ಸ್‌ನಿಂದ ಫೋನ್ ಬಂತು, ಮೂರು ಬಿಲ್ಲಿನ ಡೆಲಿವರಿ ಚಲನ್ ಕಾಪಿ ಮತ್ತೆ ಕಳಿಸಿ ಅಂದರು. ಇವತ್ತು ಮಧ್ಯಾಹ್ನ 2 ಲಕ್ಷದ 40 ಸಾವಿರ ಬಂದಿದೆ. ಉಳಿದದ್ದು ತಿಂಗಳ ಕೊನೆಗೆ ಅಂದಿದ್ದಾರೆ, ನೋಡಬೇಕು. ಸಂಜೆ ಹೋಗಿ ಬಳೆ ಬಿಡಿಸಿಕೊಂಡು ಬಂದೆವು.

ವಿಎಂಸಿ ಸದ್ಯಕ್ಕೆ ಇಲ್ಲ. ಬ್ರಾಕೆಟ್ ಮೊದಲ ಲಾಟ್ 300 ಪೀಸ್, ಹೊರಗೆ ಮಾಡಿಸುತ್ತಿದ್ದೇನೆ, ಫಿಕ್ಸ್ಚರ್ ಅಪ್ಪನೇ ಕೂತು ಮಾಡಿದರು. ಮೈಕ್ರೋಮೀಟರ್, ಬೋರ್ ಗೇಜ್ ಎಲ್ಲವನ್ನೂ ನಾಳೆ ಕ್ಯಾಲಿಬ್ರೇಷನ್‌ಗೆ ಕೊಡುತ್ತೇನೆ. ಖರೀದಿ ಸರ್, ವರ್ಷಕ್ಕೊಂದು ಸಲ ಸಾಕಾ, ಇಲ್ಲ ಆರು ತಿಂಗಳಿಗೆ ಮಾಡಿಸಬೇಕಾ?

ಖರೀದಿ ವಿಭಾಗ

ಮೈಕ್ರೋಮೀಟರ್ ವರ್ಷಕ್ಕೊಮ್ಮೆ ಸಾಕು. ಬೋರ್ ಗೇಜ್ ದಿನಾ ಬಳಸುತ್ತೀರಾದರೆ ಆರು ತಿಂಗಳು. ಎನ್‌ಎಬಿಎಲ್ (ಲ್ಯಾಬ್‌ಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬ್‌ನಲ್ಲೇ ಮಾಡಿಸಿ, ಸರ್ಟಿಫಿಕೇಟ್ ಜೋಪಾನ. ಆಡಿಟ್‌ಗೆ ಬಂದವರು ಮೊದಲು ಅದನ್ನೇ ಕೇಳುತ್ತಾರೆ.